ಕೀಳದ ವೈದ್ಯರೇ ಒಳ್ಳೆಯ ವೈದ್ಯರೇ?

ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಬೇಕೆಂದು ಬಾದಾಮಿಯಿಂದ ಬಾಗಲಕೋಟೆಗೋ ಹುಬ್ಬಳ್ಳಿಗೋ ಹೋಗಿ ಬಂದವರ ಮನೆಯಲ್ಲಿ ಈಗ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಆ ಡಾಕ್ಟರು ನಾಕು ಹಲ್ಲು ಕೀಳಬೇಕಂತಾರ, ಈ ಡಾಕ್ಟರು ಒಂದೂ ಕೀಳಂಗಿಲ್ಲಂತ. ನಾವು ಇವರ ಕಡೇನ ಮಾಡಿಸ್ತೀವಿ." ಅಲ್ಲಿಗೆ ವಿಚಾರಣೆ ಮುಗಿಯಿತು. ಕೀಳಬೇಕೆಂದವರು ಹಳೆ ಕಾಲದವರು, ಮಕ್ಕಳ ಬಾಯಿಯ ಮೇಲೆ ಕನಿಕರ ಇಲ್ಲದವರು. ಕೀಳದೆ ಸರಿಮಾಡುತ್ತೇನೆಂದವರು ಹೊಸ ವಿದ್ಯೆ ಬಲ್ಲವರು. ಈ ತೀರ್ಪನ್ನು ಬಾದಾಮಿ ಪಕ್ಕದ ಬನಶಂಕರಿಯ ಚಹಾದಂಗಡಿಯಲ್ಲೂ ಕೇಳಿದ್ದೇನೆ, ಚೆನ್ನಾಗಿ ಓದಿಕೊಂಡ ಮಾಸ್ತರರ ಬಾಯಲ್ಲೂ ಕೇಳಿದ್ದೇನೆ. ಇದು ತಪ್ಪು ತೀರ್ಪು. ನಮ್ಮ ಮಕ್ಕಳ ಬಾಯಲ್ಲಿ ನಿಜವಾಗಿ ಆಗುತ್ತಿರುವ ನಷ್ಟ ಇದರಿಂದ ಮರೆಯಾಗಿಬಿಡುತ್ತದೆ ಎಂಬುದು ನನಗೆ ಇನ್ನೂ ದೊಡ್ಡ ಸಂಕಟ.

ನಾನು ಹುಳುಕು ತುಂಬುವ, ನೋವು ಇಳಿಸುವ ಸಾಮಾನ್ಯ ದಂತವೈದ್ಯ. ತಂತಿ ಹಾಕುವ ಕೆಲಸ ನನ್ನದಲ್ಲ. ಅದು ಬೇಕಾದವರನ್ನು ಆರ್ಥೊಡಾಂಟಿಸ್ಟ್ ಹತ್ತಿರ, ಬಾಗಲಕೋಟೆಯ ಪಿ.ಎಂ. ನಾಡಗೌಡ ದಂತ ಕಾಲೇಜಿಗೋ ಧಾರವಾಡದ ಎಸ್‌ಡಿಎಂ ದಂತ ಕಾಲೇಜಿಗೋ ಕಳಿಸಿಕೊಡುತ್ತೇನೆ. ಅಲ್ಲಿ ಹೇಳಿದ್ದನ್ನು ಕೇಳಿಕೊಂಡು ಬಂದ ತಾಯಿತಂದೆ ಮತ್ತೆ ನನ್ನೆದುರು ಕೂತು ಕೇಳುವ ಪ್ರಶ್ನೆ ಒಂದೇ: "ಇರೂ ಹಲ್ಲು ಯಾಕ ಕೀಳಬೇಕ್ರಿ ಸರ? ಹುಳಕ ಹತ್ತಿಲ್ಲ, ನೋವಿಲ್ಲ, ಅಳ್ಳಾಡಂಗಿಲ್ಲ." ಪ್ರಶ್ನೆ ಬಹಳ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡದೆ "ನಿಮಗ ತಿಳಿಯಂಗಿಲ್ಲ ಬಿಡ್ರಿ" ಎಂದು ಎದ್ದು ಹೋಗುವ ನಮ್ಮವರಿಂದಲೇ ಅರ್ಧ ಅನುಮಾನ ಹುಟ್ಟಿದೆ. ಹಾಗಾಗಿ ಉತ್ತರವನ್ನು ಪೂರ್ತಿಯಾಗಿ ಕೊಡಬೇಕು.

ಹಳೆಯ ಭಯವೊಂದನ್ನು ಮೊದಲೇ ಬದಿಗಿಡೋಣ. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂದವಾಗುತ್ತದೆ ಎಂಬ ನಂಬಿಕೆ ಈ ಭಾಗದ ಹಿರಿಯರಲ್ಲಿ ಇನ್ನೂ ಗಟ್ಟಿಯಾಗಿದೆ. ಹಲ್ಲಿನ ನೋವನ್ನು ಮಿದುಳಿಗೆ ಒಯ್ಯುವುದು ಮುಖದ ಐದನೆಯ ನರ, ನೋಟವನ್ನು ಒಯ್ಯುವುದು ಎರಡನೆಯ ನರ. ಐದನೆಯ ನರದ ಒಂದು ಕವಲು ಕಣ್ಣಿನ ಸುತ್ತ ಹಾಯುವುದರಿಂದ ಮೇಲ್ದವಡೆಯ ನೋವು ಎಷ್ಟೋ ಸಲ ಕಣ್ಣಿನ ಹಿಂದೆ ಸಿಡಿಯುತ್ತದೆ. ನಂಬಿಕೆ ಹುಟ್ಟಿದ್ದು ಆ ಅನುಭವದಿಂದಲೇ ಇರಬೇಕು. ನೋಟಕ್ಕೂ ಹಲ್ಲು ಕೀಳುವುದಕ್ಕೂ ಸಂಬಂಧವಿಲ್ಲ.

ಹೊಸ ಭಯ ಮೊಬೈಲಿನಿಂದ ಬಂದದ್ದು, ಅದಕ್ಕೆ ವಿಜ್ಞಾನದ ಉಡುಪಿದೆ. ಹಲ್ಲು ಕಿತ್ತರೆ ಮುಖ ಒಳಗೆ ಕುಸಿಯುತ್ತದೆ, ಕಿವಿಯ ಮುಂದಿನ ದವಡೆಕೀಲು ಕೆಡುತ್ತದೆ, ನಾಲಗೆಗೆ ಜಾಗ ಸಾಲದೆ ಉಸಿರಿನ ದಾರಿ ಕಿರಿದಾಗಿ ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ ಎಂದು ವೀಡಿಯೊಗಳು ಹೇಳುತ್ತವೆ. ಕೀಲಿನ ಮಾತು 1987ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಒಂದು ಮೊಕದ್ದಮೆಯಿಂದ ದೊಡ್ಡದಾಯಿತು. ಹಲ್ಲು ಕೀಳಿಸಿ ತಂತಿ ಹಾಕಿದ್ದರಿಂದ ದವಡೆಕೀಲಿನ ನೋವು ಬಂತೆಂದು ಯುವತಿಯೊಬ್ಬಳು ದಾವೆ ಹೂಡಿದಳು. ಜ್ಯೂರಿ ಅವಳಿಗೆ 8,50,000 ಡಾಲರ್ ಪರಿಹಾರ ಕೊಡಿಸಿತು. ಕೋರ್ಟು ತೀರ್ಪು ಕೊಟ್ಟಿತು, ಪುರಾವೆ ಮಾತ್ರ ಆಮೇಲೆ ಹುಡುಕುವಂತಾಯಿತು. ಹಲ್ಲು ಕಿತ್ತವರನ್ನೂ ಕೀಳದವರನ್ನೂ ವರ್ಷಗಟ್ಟಲೆ ಹೋಲಿಸಿ ನೋಡಿದ ಅಧ್ಯಯನಗಳಿಗೆ ಆ ಸಂಬಂಧ ಸಿಗಲಿಲ್ಲ. ಉಸಿರಿನ ಮಾತಿಗೂ ಇದೇ ಗತಿ. 2015ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ 5,584 ಜನರ ವೈದ್ಯಕೀಯ ದಾಖಲೆ ತೆಗೆದು ನೋಡಿತು. ಅವರಲ್ಲಿ ಅರ್ಧ ಜನಕ್ಕೆ ಬಾಯಿಯ ನಾಲ್ಕೂ ಭಾಗದಲ್ಲಿ ಒಂದೊಂದು ಪ್ರಿಮೋಲಾರ್, ಅಂದರೆ ಕೋರೆಹಲ್ಲಿಗೂ ದವಡೆಹಲ್ಲಿಗೂ ನಡುವಿನ ಹಲ್ಲು, ಇರಲಿಲ್ಲ, ಉಳಿದರ್ಧ ಜನಕ್ಕೆ ಎಲ್ಲವೂ ಇದ್ದವು. ನಿದ್ದೆಯಲ್ಲಿ ಉಸಿರು ಕಟ್ಟುವ ರೋಗ ಎರಡೂ ಗುಂಪಿನಲ್ಲಿ ನೂರಕ್ಕೆ ಹತ್ತರ ಆಸುಪಾಸಿನಲ್ಲೇ ಇತ್ತು. ಇನ್ನು ನಾಲಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದರೆ ದವಡೆ ತಾನೇ ಅಗಲವಾಗುತ್ತದೆ ಎಂಬ 'ಮ್ಯೂಯಿಂಗ್' ಹುಚ್ಚು ಹುಡುಗರಿಗೆ ಹತ್ತಿದೆ. ಅದನ್ನು ಮಾಡಿ ಹದಿನಾರರ ದವಡೆ ಅಗಲವಾದದ್ದನ್ನು ಯಾರೂ ಅಳತೆ ಹಿಡಿದು ತೋರಿಸಿಲ್ಲ.

ಕೀಳದಿರುವುದು ಹೊಸ ವಿದ್ಯೆ ಎನ್ನುವವರಿಗೆ ಈ ಶಾಸ್ತ್ರದ ಚರಿತ್ರೆ ಗೊತ್ತಿಲ್ಲ. ಕೀಳಲೇಬಾರದೆಂಬ ಪಂಥ ಶಾಸ್ತ್ರದಷ್ಟೇ ಹಳೆಯದು. ಹಲ್ಲು ಸಾಲುಮಾಡುವ ವಿದ್ಯೆಯನ್ನು ಪ್ರತ್ಯೇಕ ಶಾಸ್ತ್ರವಾಗಿ ಕಟ್ಟಿದ ಎಡ್ವರ್ಡ್ ಆಂಗಲ್ (1855–1930) ಮೂವತ್ತೆರಡೂ ಹಲ್ಲು ಉಳಿಯಬೇಕು, ಅವುಗಳನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿದರೆ ಅಗಿಯುವ ಬಲಕ್ಕೆ ಎಲುಬು ತಾನಾಗಿ ಬೆಳೆದು ಒದಗುತ್ತದೆ ಎಂದು ನಂಬಿದ್ದರು. ಅವರ ಸಮಕಾಲೀನರಾದ ಕ್ಯಾಲ್ವಿನ್ ಕೇಸ್ 1911ರಲ್ಲಿ ಬಹಿರಂಗ ಚರ್ಚೆಯಲ್ಲಿ ಇದನ್ನು ವಿರೋಧಿಸಿದರು: ಕೆಲವು ಬಾಯಿಗಳಲ್ಲಿ ಕೀಳದೆ ಸಾಲು ಮಾಡಿದರೆ ಹಲ್ಲುಗಳೆಲ್ಲ ಮುಂದಕ್ಕೆ ಬಂದು ಮುಖ ಕೆಡುತ್ತದೆ, ಸಾಲೂ ನಿಲ್ಲುವುದಿಲ್ಲ. ಆಂಗಲ್ ಶಿಷ್ಯರ ಆರ್ಭಟದೆದುರು ಕೇಸ್ ಅವರ ಮಾತು ಸೋತಿತು. ಮುಂದಿನ ಎರಡು ಮೂರು ದಶಕ ಹಲ್ಲು ಕಿತ್ತವರು ಪಾಪಿಗಳಂತೆ ಬದುಕಿದರು.

ಆ ಕೋಟೆ ಒಡೆದದ್ದು ಒಳಗಿನವರಿಂದಲೇ. ಆಂಗಲ್ ಅವರ ನೆಚ್ಚಿನ ಶಿಷ್ಯ ಚಾರ್ಲ್ಸ್ ಟ್ವೀಡ್ ಅರಿಜೋನಾದ ಟೂಸಾನ್‌ನಲ್ಲಿ ಗುರುವಿನ ಮಾತಿನಂತೆ ಒಂದು ಹಲ್ಲನ್ನೂ ಕೀಳದೆ ವರ್ಷಗಟ್ಟಲೆ ದುಡಿದರು. ಆಮೇಲೆ ತಾವು ಮುಗಿಸಿದ ರೋಗಿಗಳನ್ನು ಮತ್ತೆ ಕರೆಸಿ ಕೂರಿಸಿ ನೋಡಿದರೆ ಬಹಳ ಜನಕ್ಕೆ ಹಲ್ಲು ಮತ್ತೆ ಇಕ್ಕಟ್ಟಾಗಿದ್ದವು, ತುಟಿಗಳು ಮುಂದೆ ಚಾಚಿದ್ದವು. ನಾಲ್ಕು ಪ್ರಿಮೋಲಾರ್ ಕೀಳಿಸಿ ಅದೇ ಬಾಯಿಗಳಿಗೆ ಮತ್ತೆ ಚಿಕಿತ್ಸೆ ಕೊಟ್ಟರು. ಮೊದಲು ಕೀಳದೆ, ಆಮೇಲೆ ಕಿತ್ತು ಚಿಕಿತ್ಸೆ ಮಾಡಿದ ನೂರು ಜನರ ಅಚ್ಚುಗಳನ್ನು 1940ರಲ್ಲಿ ತಜ್ಞರ ಮುಂದೆ ಸಾಲಾಗಿ ಇಟ್ಟರು. ತಮ್ಮ ಸೋಲನ್ನು ಹೀಗೆ ಮೇಜಿನ ಮೇಲೆ ಇಟ್ಟು ತೋರಿಸುವ ಧೈರ್ಯ ವೈದ್ಯಲೋಕದಲ್ಲಿ ಅಪರೂಪ. ಆ ಒಂದು ಕಾರಣಕ್ಕೆ ಟ್ವೀಡ್ ಅವರ ಹೆಸರು ನನಗೆ ದೊಡ್ಡದು.

ಆದರೆ ಕೀಳುವ ಪಂಥವೂ ಅಷ್ಟಕ್ಕೆ ನಿಲ್ಲಲಿಲ್ಲ. ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಕ್ಲಿನಿಕ್‌ನ ನಲವತ್ತು ವರ್ಷದ ದಾಖಲೆಯನ್ನು ವಿಲಿಯಂ ಪ್ರಾಫಿಟ್ 1994ರಲ್ಲಿ ಪ್ರಕಟಿಸಿದರು. ತಂತಿ ಹಾಕಿಸಿಕೊಂಡವರಲ್ಲಿ ಹಲ್ಲು ಕೀಳಿಸಿಕೊಂಡವರು 1953ರಲ್ಲಿ ನೂರಕ್ಕೆ 30, 1968ರಲ್ಲಿ 76, 1993ರಲ್ಲಿ ಮತ್ತೆ 28. ನಲವತ್ತು ವರ್ಷದಲ್ಲಿ ಆ ಊರಿನ ಮಕ್ಕಳ ದವಡೆ ಕುಗ್ಗಿ ಮತ್ತೆ ಹಿಗ್ಗಿರಲಾರದು. ಬದಲಾದದ್ದು ವೈದ್ಯರ ಮನಸ್ಸು, ಅವರ ಕೈಯಲ್ಲಿದ್ದ ಉಪಕರಣ. ಕಿತ್ತರೆ ಸಾಲು ಶಾಶ್ವತವಾಗಿ ನಿಲ್ಲುತ್ತದೆ ಎಂಬುದು ಕೀಳುವ ಪಂಥದವರ ದೊಡ್ಡ ಭರವಸೆಯಾಗಿತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಲಿಟಲ್ ಆ ಭರವಸೆಯನ್ನೂ ಪರೀಕ್ಷಿಸಿದರು. ಪ್ರಿಮೋಲಾರ್ ಕೀಳಿಸಿ ಚಿಕಿತ್ಸೆ ಪಡೆದು, ಸಾಲನ್ನು ಹಿಡಿದಿಡುವ ರಿಟೇನರ್ ಬಿಟ್ಟು ಹತ್ತು ವರ್ಷ ಕಳೆದವರಲ್ಲಿ ಕೆಳಗಿನ ಮುಂಭಾಗದ ಸಾಲು ಚೆನ್ನಾಗಿ ಉಳಿದದ್ದು ನೂರಕ್ಕೆ ಮೂವತ್ತಕ್ಕೂ ಕಡಿಮೆ ಜನಕ್ಕೆ. ಇಪ್ಪತ್ತು ವರ್ಷದ ಹೊತ್ತಿಗೆ ನೂರಕ್ಕೆ ಹತ್ತು ಜನಕ್ಕೆ. ಅಂದರೆ ಕಿತ್ತರೂ ಹಲ್ಲು ಸರಿಯುತ್ತವೆ, ಕೀಳದಿದ್ದರೂ ಸರಿಯುತ್ತವೆ. ಸಾಲು ಉಳಿಯಬೇಕೆಂದರೆ ರಾತ್ರಿ ರಿಟೇನರ್ ಹಾಕಿಕೊಂಡೇ ಮಲಗಬೇಕು, ವರ್ಷಗಟ್ಟಲೆ. ಈ ಮಾತನ್ನು ಯಾವ ಪಂಥದವರೂ ಮೊದಲ ದಿನವೇ ಹೇಳುವುದಿಲ್ಲ ಎಂಬುದು ನನ್ನ ತಕರಾರು.

ಹಾಗಾದರೆ ಕೀಳುವುದು ಯಾತಕ್ಕೆ? ಜಾಗಕ್ಕೆ ಮತ್ತು ತುಟಿಗೆ. ಇವೆರಡನ್ನೂ ಅಳೆಯಬಹುದು.

ಬಾಯಿಯ ಅಚ್ಚು ತೆಗೆದು ಪ್ಲಾಸ್ಟರಿನ ಮಾದರಿ ಮಾಡುತ್ತಾರೆ. ತೆಳುವಾದ ಹಿತ್ತಾಳೆ ತಂತಿಯನ್ನು ಒಂದು ಬದಿಯ ದವಡೆಹಲ್ಲಿನಿಂದ ಇನ್ನೊಂದು ಬದಿಯದರವರೆಗೆ, ಹಲ್ಲುಗಳು ನಿಲ್ಲಬೇಕಾದ ಕಮಾನಿನ ಮೇಲೆ ಬಗ್ಗಿಸಿ ಇಡುತ್ತಾರೆ. ಆಮೇಲೆ ತಂತಿಯನ್ನು ನೆಟ್ಟಗೆ ಮಾಡಿ ಸ್ಕೇಲಿನ ಮೇಲೆ ಅಳೆದರೆ ಎಲುಬು ಕೊಡುವ ಜಾಗ ಎಷ್ಟೆಂದು ತಿಳಿಯುತ್ತದೆ. ನಡುವಿನ ಹಲ್ಲುಗಳ ಅಗಲವನ್ನು ಒಂದೊಂದಾಗಿ ಅಳೆದು ಕೂಡಿಸಿದರೆ ಬೇಕಾದ ಜಾಗ ಎಷ್ಟೆಂದು ತಿಳಿಯುತ್ತದೆ. ಎರಡರ ವ್ಯತ್ಯಾಸವೇ ಇಕ್ಕಟ್ಟು. ಪಾಲಕರನ್ನು ಪಕ್ಕಕ್ಕೆ ಕೂರಿಸಿಕೊಂಡು ಇದನ್ನು ಮಾಡಿ ತೋರಿಸಿದರೆ ಐದನೇ ಇಯತ್ತೆ ಓದಿದವರಿಗೂ ಅರ್ಥವಾಗುತ್ತದೆ. ಸಾಮಾನ್ಯವಾಗಿ ಇಕ್ಕಟ್ಟು ನಾಲ್ಕು ಮಿಲಿಮೀಟರಿನೊಳಗಿದ್ದರೆ ಕೀಳುವ ಪ್ರಸಂಗ ಬರುವುದೇ ಅಪರೂಪ. ಹಲ್ಲಿನ ಬದಿಗಳನ್ನು ಕೂದಲೆಳೆಯಷ್ಟು ತಿಕ್ಕಿ, ಸ್ವಲ್ಪ ಅಗಲ ಮಾಡಿ ಹೊಂದಿಸುತ್ತಾರೆ. ಹತ್ತು ಮಿಲಿಮೀಟರಿನ ಹತ್ತಿರ ಬಂತೆಂದರೆ ಕೀಳದೆ ಗತಿಯಿಲ್ಲ. ನಡುವಿನ ಐದರಿಂದ ಒಂಬತ್ತರ ಬಾಯಿಗಳಲ್ಲಿ ಮಾತ್ರ ನಿಜವಾದ ಚರ್ಚೆ ಇದೆ. ಅಲ್ಲಿ ಇಬ್ಬರು ಒಳ್ಳೆಯ ವೈದ್ಯರು ಎರಡು ಮಾತು ಹೇಳಬಹುದು, ಇಬ್ಬರೂ ಪ್ರಾಮಾಣಿಕರಾಗಿರಬಹುದು.

ಎಂಟು ಮಿಲಿಮೀಟರ್ ಇಕ್ಕಟ್ಟಿನ ಕೆಳದವಡೆಯನ್ನು ತೆಗೆದುಕೊಳ್ಳಿ. ಕೀಳದೆ ಸಾಲು ಮಾಡಬೇಕೆಂದರೆ ಮುಂದಿನ ಹಲ್ಲುಗಳು ಮುಂದಕ್ಕೆ ಬರಬೇಕು. ಒಂದು ಮಿಲಿಮೀಟರ್ ಮುಂದೆ ಬಂದರೆ ಎರಡು ಮಿಲಿಮೀಟರ್ ಜಾಗ ಸಿಗುತ್ತದೆ. ಎಂಟಕ್ಕೆ ನಾಲ್ಕು ಮಿಲಿಮೀಟರ್ ಮುಂದೆ ನೂಕಬೇಕು. ಆ ಹಲ್ಲುಗಳ ಮುಂದಿರುವ ಎಲುಬಿನ ಗೋಡೆ ಎಷ್ಟೋ ಜನಕ್ಕೆ ಒಂದು ಮಿಲಿಮೀಟರೂ ದಪ್ಪವಿರುವುದಿಲ್ಲ. ಎಲುಬು ಬಿಟ್ಟು ಆಚೆ ಬಂದ ಹಲ್ಲಿನ ಬುಡದಿಂದ ಒಸಡು ಕೆಳಗಿಳಿಯುತ್ತದೆ, ಬೇರು ಕಾಣುತ್ತದೆ. ಅಗಲ ಮಾಡೋಣವೆಂದರೆ ಮೇಲ್ದವಡೆಯ ಅಂಗುಳದ ನಡುವಿನ ಜೋಡಣೆ ಹರೆಯದವರೆಗೆ ತೆರೆದಿರುತ್ತದೆ, ಅದನ್ನು ತಿರುಪಿನ ಸಾಧನದಿಂದ ಹಿಗ್ಗಿಸಬಹುದು. ಕೆಳದವಡೆಯ ಎರಡು ಭಾಗಗಳು ಮಗುವಿಗೆ ವರ್ಷ ತುಂಬುವುದರೊಳಗೆ ಬೆಸೆದುಹೋಗಿರುತ್ತವೆ. ಅಲ್ಲಿ ಹಿಗ್ಗುವುದು ಎಲುಬಲ್ಲ, ಹಲ್ಲು ಹೊರಕ್ಕೆ ವಾಲುವುದಷ್ಟೆ. ಅದೇ ಎರಡು ಪ್ರಿಮೋಲಾರ್ ತೆಗೆದರೆ ಒಂದೊಂದಕ್ಕೆ ಏಳರಂತೆ ಹದಿನಾಲ್ಕು ಮಿಲಿಮೀಟರ್ ಸಿಗುತ್ತದೆ. ಎಂಟು ಇಕ್ಕಟ್ಟಿಗೆ ಹೋಗುತ್ತದೆ, ಉಳಿದದ್ದು ಮುಂದಿನ ಹಲ್ಲನ್ನು ಹಿಂದೆ ತರಲು, ಹಿಂದಿನದನ್ನು ಮುಂದೆ ತರಲು ಬಳಕೆಯಾಗುತ್ತದೆ. ಬಾಯಲ್ಲಿ ಕಿಂಡಿ ಉಳಿಯುವುದಿಲ್ಲ. ಎಲುಬಿಗೆ ಸಣ್ಣ ತಿರುಪುಮೊಳೆ ಹಾಕಿ ಇಡೀ ಸಾಲನ್ನು ಹಿಂದಕ್ಕೆ ಎಳೆಯುವ ತಂತ್ರ ಈಗ ಬಂದಿದೆ. ಅದರಿಂದ ಕೀಳುವ ಪ್ರಸಂಗ ಒಂದಿಷ್ಟು ಕಡಿಮೆಯಾಗಿದೆ, ಇಲ್ಲವೆಂದಿಲ್ಲ. ಆದರೆ ಹಿಂದೆ ಎಳೆಯಲೂ ಹಿಂದೆ ಎಲುಬು ಇರಬೇಕಲ್ಲ.

ಇಷ್ಟು ಹೇಳಿದಾಗ ಬನಶಂಕರಿಯ ಕಡೆಯವರು ರೊಟ್ಟಿಯ ಮಾತು ಎತ್ತುತ್ತಾರೆ. ಇದು ಬಲವಾದ ಮಾತು, ಲಘುವಾಗಿ ತಳ್ಳಿಹಾಕುವಂಥದ್ದಲ್ಲ. ಬನಶಂಕರಿ ಗುಡಿಯ ಹರಿದ್ರಾತೀರ್ಥದ ಹೊಂಡದ ಸುತ್ತ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಯರನ್ನು ನೋಡಿ ಎನ್ನುತ್ತಾರೆ. ಖಡಕ್ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು ಮಾರುವ ಆ ಅಜ್ಜಿಯರು ಜೀವಮಾನವಿಡೀ ಅದನ್ನೇ ಅಗಿದವರು. ಅವರಿಗೆ ಯಾರು ಕ್ಲಿಪ್ ಹಾಕಿದ್ದರು? ಈಗಿನ ಮಕ್ಕಳು ಅನ್ನ, ಬ್ರೆಡ್ಡು, ನೂಡಲ್ಸ್ ನುಂಗಿ ದವಡೆ ಸಣ್ಣಗೆ ಮಾಡಿಕೊಂಡಿವೆ. ರೊಟ್ಟಿ ತಿನ್ನಿಸಿದರೆ ದವಡೆ ಬೆಳೆಯುತ್ತದೆ, ಹಲ್ಲು ಕೀಳುವುದು ಬೇಕಿಲ್ಲ.

ಇದರಲ್ಲಿ ಅರ್ಧ ನಿಜವಿದೆ. ರಾಬರ್ಟ್ ಕೊರುಚಿನಿ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಸಂಗಡಿಗರೊಂದಿಗೆ ಉತ್ತರ ಭಾರತದಲ್ಲಿ ಹಳ್ಳಿಯ ಮತ್ತು ಪಟ್ಟಣದ ಯುವಕರ ಹಲ್ಲುಗಳನ್ನು ಹೋಲಿಸಿ 1983ರಲ್ಲಿ ಬರೆದರು: ಒರಟು ಆಹಾರದ ಹಳ್ಳಿಯವರಿಗಿಂತ ಮೆತ್ತನೆಯ ಆಹಾರದ ಪಟ್ಟಣದವರಲ್ಲಿ ಹಲ್ಲಿನ ಸಾಲು ಕೆಟ್ಟಿರುವುದು ಹೆಚ್ಚು. ಮೆತ್ತನೆಯ ಆಹಾರ ಕೊಟ್ಟು ಸಾಕಿದ ಮಂಗಗಳಲ್ಲೂ ಅವರಿಗೆ ಅದೇ ಕಂಡಿತ್ತು. ಬೆಳೆಯುವ ವಯಸ್ಸಿನಲ್ಲಿ ಗಟ್ಟಿಯಾಗಿ ಅಗಿದರೆ ದವಡೆಗೆ ಒಳ್ಳೆಯದು ಎಂಬುದನ್ನು ನಾನೂ ಒಪ್ಪುತ್ತೇನೆ, ಮಕ್ಕಳಿಗೆ ರೊಟ್ಟಿ, ಹಸಿ ಗಜ್ಜರಿ, ಕಬ್ಬು ಕೊಡಿ ಎಂದು ಹೇಳುತ್ತೇನೆ. ಆದರೆ ಆ ಕೆಲಸ ಮೂರನೆಯ ವರ್ಷಕ್ಕೆ ಶುರುವಾಗಬೇಕು. ಹದಿನಾಲ್ಕನೆಯ ವಯಸ್ಸಿಗೆ ಎಂಟು ಮಿಲಿಮೀಟರ್ ಕೊರತೆ ಹೊತ್ತು ಬಂದ ಹುಡುಗಿಗೆ ರೊಟ್ಟಿ ತಿನ್ನು ಎಂದರೆ ಆ ಎಂಟು ಮಿಲಿಮೀಟರ್ ಬರುವುದಿಲ್ಲ. ಇನ್ನೊಂದನ್ನೂ ಗಮನಿಸಬೇಕು. ಖಡಕ್ ರೊಟ್ಟಿ ಅಗಿಯಲು ಒರಟಲ್ಲ, ಮುರಿಯಲು ಗಟ್ಟಿ ಅಷ್ಟೆ. ತೆಳ್ಳಗೆ ಬಡಿದು ಒಣಗಿಸಿದ ರೊಟ್ಟಿ ಹಲ್ಲು ತಾಗಿದೊಡನೆ ಪಟಪಟನೆ ಒಡೆಯುತ್ತದೆ, ಉಳಿದದ್ದು ಮೊಸರಲ್ಲೋ ಪಲ್ಲೆಯಲ್ಲೋ ನೆನೆದು ಮೆತ್ತಗಾಗಿ ಗಂಟಲಿಗೆ ಇಳಿಯುತ್ತದೆ.

ಅಜ್ಜಿಯರ ಹಲ್ಲುಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬಹಳ ಜನಕ್ಕೆ ಹಲ್ಲಿನ ತುದಿ ಸವೆದು ಚಪ್ಪಟೆಯಾಗಿ, ಮೇಲಿನ ಬಿಳಿ ಪದರ ಹೋಗಿ ಒಳಗಿನ ಹಳದಿ ಕಾಣುತ್ತಿರುತ್ತದೆ. ಬೀಸುಕಲ್ಲಿನ ಹಿಟ್ಟಿನಲ್ಲಿ ಕಲ್ಲಿನ ಸಣ್ಣ ಪುಡಿ ಸೇರಿ ವರ್ಷಗಟ್ಟಲೆ ಹಲ್ಲನ್ನು ಉಜ್ಜಿದ ಗುರುತದು. ಮೇಲೆ ಸವೆದಂತೆ ಹಲ್ಲಿಗೆ ಹಲ್ಲು ತಾಗುವ ಬದಿಗಳಲ್ಲೂ ಸವೆಯುತ್ತದೆ, ಹಲ್ಲು ಕಿರಿದಾಗಿ ಜಾಗ ಮಿಗುತ್ತದೆ. ಆಸ್ಟ್ರೇಲಿಯಾದ ರೇಮಂಡ್ ಬೆಗ್ ಅಲ್ಲಿಯ ಮೂಲನಿವಾಸಿಗಳ ತಲೆಬುರುಡೆಗಳಲ್ಲಿ ಇದನ್ನೇ ಕಂಡು 1954ರಲ್ಲಿ ಬರೆದರು: ಒರಟು ಆಹಾರ ಹಲ್ಲನ್ನು ಸವೆಸಿ ಕೊಡುತ್ತಿದ್ದ ಜಾಗ ಇಂದಿನವರಿಗೆ ಸಿಗುವುದಿಲ್ಲ, ಆದ್ದರಿಂದ ಪ್ರಿಮೋಲಾರ್ ಕಿತ್ತು ಆ ಜಾಗ ಕೊಡಬೇಕು. ರೊಟ್ಟಿಯ ವಾದವೂ ಬೆಗ್ ಅವರ ವಾದವೂ ಒಂದೇ ಸಂಗತಿಯಿಂದ ಹೊರಟು ಒಂದು ಕೀಳಬೇಡ ಎನ್ನುತ್ತದೆ, ಇನ್ನೊಂದು ಕೀಳು ಎನ್ನುತ್ತದೆ! ಸವೆತದ ಪ್ರಮಾಣವನ್ನು ಬೆಗ್ ಹೆಚ್ಚಾಗಿ ಹೇಳಿದ್ದರೆಂದು ಮುಂದಿನವರು ತೋರಿಸಿದರು. ಅಜ್ಜಂದಿರ ಆಹಾರವನ್ನು ಸಾಕ್ಷಿಗೆ ಕರೆದು ಮೊಮ್ಮಗಳ ಬಾಯಿಯ ಬಗ್ಗೆ ತೀರ್ಪು ಕೊಡುವವರು, ಯಾವ ಕಡೆಯವರೇ ಆಗಲಿ, ಮೊಮ್ಮಗಳ ಬಾಯಿ ತೆರೆಸಿ ಅಳೆಯುವುದನ್ನು ತಪ್ಪಿಸಿಕೊಳ್ಳುತ್ತಾರೆ.

ತುಟಿಯ ವಿಷಯಕ್ಕೆ ಬಂದರೆ ಕೀಳುವ ಪಂಥದವರ ಮೇಲೆ ನನಗೆ ಸಿಟ್ಟಿದೆ. ಆಂಗಲ್ ಅವರಿಗೆ ಮುಖದ ಆದರ್ಶವಾಗಿ ಕಂಡದ್ದು ಅಪೊಲೊ ಬೆಲ್ವೆಡಿಯರ್ ಎಂಬ ಶಿಲ್ಪ. ಟ್ವೀಡ್ ಅವರ ಕೋನಗಳೂ ಆಮೇಲಿನ ಹಲವು ಅಳತೆಗಳೂ ಅಮೆರಿಕದ ಬಿಳಿಯರ ಮುಖದಿಂದ ತೆಗೆದವು. ಆ ಅಳತೆಗೋಲನ್ನು ಹಾಗೆಯೇ ತಂದು ಹಿಡಿದರೆ ನಮ್ಮ ಮುಖಗಳಲ್ಲಿ ಅರ್ಧದಷ್ಟು ರೋಗವೆಂದೇ ಬರುತ್ತವೆ. ಬಾದಾಮಿಯ ಮೂರನೆಯ ಗುಹೆಗೆ ಹೋಗಿ ನೋಡಿ. ಮಂಗಲೇಶ ಮಾಡಿಸಿದ್ದು, ಅಲ್ಲಿಯ ಶಾಸನ ಕ್ರಿ.ಶ. 578ರದು. ಚಾಲುಕ್ಯ ಶಿಲ್ಪಿ ದೇವರಿಗೂ ಗಂಧರ್ವರಿಗೂ ಕೊಟ್ಟದ್ದು ತುಂಬು ತುಟಿ. ತುಂಬು ತುಟಿ ನಮ್ಮ ಚೆಲುವಿನ ಅಂಗ. ಅದನ್ನು ಚಪ್ಪಟೆ ಮಾಡಲು ಹಲ್ಲು ಕೀಳಿಸುವುದನ್ನು ನಾನು ಎಂದೂ ಒಪ್ಪುವುದಿಲ್ಲ. ಮೂಗು ಚೂಪಾಗಿ, ತುಟಿ ತೆಳ್ಳಗೆ, ಗದ್ದ ಮುಂದೆ ಇರುವ ಮುಖಕ್ಕೆ ಹಲ್ಲು ಕೀಳಿಸಿ, ಕೆಳಭಾಗ ಒಳಗೆ ಕುಸಿದ ಮುಖಗಳನ್ನು ನಾನು ಕಂಡಿದ್ದೇನೆ. ಮೂರು ಮಿಲಿಮೀಟರ್ ಇಕ್ಕಟ್ಟಿಗೆ ನಾಲ್ಕು ಹಲ್ಲು ಕೊಟ್ಟು ಬಂದವರನ್ನೂ ಕಂಡಿದ್ದೇನೆ. ಅಲ್ಲಿ ಕೀಳಬಾರದಿತ್ತು.

ಆದರೆ ಬೇರೆ ಥರದ ಮುಖವೂ ಇದೆ, ನಮ್ಮ ದಕ್ಷಿಣದಲ್ಲಿ ಅದು ಬಹಳ. ಹುಡುಗಿ ಸುಮ್ಮನೆ ಕೂತಾಗ ತುಟಿಗಳು ಕೂಡುವುದಿಲ್ಲ, ಮೇಲಿನ ಹಲ್ಲು ಹೊರಗೆ ಕಾಣುತ್ತಿರುತ್ತವೆ. ಬಾಯಿ ಮುಚ್ಚು ಎಂದರೆ ಗದ್ದದ ಸ್ನಾಯು ಬಿಗಿದು ಚರ್ಮದಲ್ಲಿ ಸಣ್ಣ ಸಣ್ಣ ಕುಳಿ ಬೀಳುತ್ತವೆ. ಅವಳು ಆ ಸ್ನಾಯುವನ್ನು ದಿನವಿಡೀ ಬಿಗಿಹಿಡಿದೇ ಇರುತ್ತಾಳೆ, ಫೋಟೊ ತೆಗೆಯುವಾಗ ಕೈ ಅಡ್ಡ ಹಿಡಿಯುತ್ತಾಳೆ. ಅವಳಿಗೆ ಇಕ್ಕಟ್ಟು ಇಲ್ಲದೆಯೂ ಇರಬಹುದು. ಕೀಳದೆ ಕ್ಲಿಪ್ ಹಾಕಿದರೆ ಹಲ್ಲು ಸಾಲಾಗುತ್ತವೆ, ತುಟಿ ಎಲ್ಲಿತ್ತೋ ಅಲ್ಲೇ ಇರುತ್ತದೆ, ಕೆಲವರಿಗೆ ಇನ್ನೂ ಮುಂದೆ ಬರುತ್ತದೆ. ಹಲ್ಲು 'ಉಳಿಸಿದ' ಎರಡು ವರ್ಷಗಳ ನಂತರ "ಹಲ್ಲು ಸೀದಾ ಆದುವು, ಬಾಯಿ ಮಾತ್ರ ಹಂಗ ಐತಿ" ಎಂದು ಅಳುತ್ತಾ ಬರುವವರು ಇವರೇ. ಈ ಭಾಗದಲ್ಲಿ ಹುಡುಗಿಯನ್ನು ಕ್ಲಿಪ್ ಹಾಕಿಸಲು ಕರೆತರುವುದು ನೋಡಲು ಬರುವವರ ದಿನ ಹತ್ತಿರವಾದಾಗ. ಕಿತ್ತರೆ ಜಾಗ ಮುಚ್ಚಲು ಕೆಲವು ತಿಂಗಳು ಹೆಚ್ಚು ಹಿಡಿಯುತ್ತದೆ. ಕೀಳಬೇಡಿ ಎಂಬ ಒತ್ತಾಯದ ಹಿಂದೆ ಎಷ್ಟೋ ಸಲ ಇರುವುದು ಹಲ್ಲಿನ ಮೇಲಿನ ಪ್ರೀತಿಗಿಂತ ಮದುವೆಯ ಅವಸರ. ಆ ಅವಸರದ ಬೆಲೆ ಹುಡುಗಿ ತೆರುತ್ತಾಳೆ.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ. ಹದಿನಾಲ್ಕರ ವಯಸ್ಸಿನಲ್ಲಿ ಒಂದು ಪ್ರಿಮೋಲಾರ್‌ಗಾಗಿ ಇಷ್ಟು ಕಾದಾಡುವ ಅದೇ ಮನೆಯವರು, ಅದೇ ಮಗುವಿಗೆ ಹತ್ತು ವರ್ಷವಾದಾಗ ಬಾಯಿಯ ಅತಿ ಮುಖ್ಯವಾದ ಹಲ್ಲನ್ನು ಒಂದು ಮಾತೂ ಆಡದೆ ಕೀಳಿಸಿರುತ್ತಾರೆ.

ಆರನೆಯ ವರ್ಷದ ಆಸುಪಾಸಿನಲ್ಲಿ, ಹಾಲುಹಲ್ಲುಗಳೆಲ್ಲದರ ಹಿಂದೆ, ಮೇಲೆ ಎರಡು ಕೆಳಗೆ ಎರಡು ಶಾಶ್ವತ ದವಡೆಹಲ್ಲುಗಳು ಹುಟ್ಟುತ್ತವೆ. ಮುಂದಿನ ಹಲ್ಲು ಬಿದ್ದು ಹೊಸದು ಬಂದರೆ ಮನೆಯೆಲ್ಲ ಗಮನಿಸುತ್ತದೆ. ಈ ಹಲ್ಲು ಬರುವಾಗ ಯಾವುದೂ ಬೀಳುವುದಿಲ್ಲ, ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ. ತಾಯಂದಿರು ಅದನ್ನು ಹಾಲುಹಲ್ಲೆಂದೇ ತಿಳಿಯುತ್ತಾರೆ. ಮೇಲ್ಮೈಯಲ್ಲಿ ಆಳವಾದ ಗೆರೆಗಳಿರುವ ಹಲ್ಲು ಅದು. ಎರಡು ರೂಪಾಯಿಯ ಚಾಕಲೇಟು, ಬಿಸ್ಕೀಟು, ಚಹಾದಲ್ಲಿ ಅದ್ದಿದ ಟೋಸ್ಟು ಆ ಗೆರೆಗಳಲ್ಲಿ ಕೂತರೆ ಬ್ರಶ್ಶಿನ ಕೂದಲೂ ಅಲ್ಲಿಗೆ ಇಳಿಯುವುದಿಲ್ಲ. ಎಂಟಕ್ಕೆ ಕಪ್ಪು ಚುಕ್ಕಿ, ಒಂಬತ್ತಕ್ಕೆ ಕುಳಿ, ಹತ್ತಕ್ಕೆ ರಾತ್ರಿಯಿಡೀ ನೋವು. ಆ ಹೊತ್ತಿಗೆ ನನ್ನ ಹತ್ತಿರ ಬಂದವರು ಹೇಳುವುದು ಹೀಗೆ: "ಹಾಲ್ಹಲ್ಲು ಐತಲ್ರಿ, ಕಿತ್ತಬಿಡ್ರಿ, ಮತ್ತ ಹುಟ್ತೈತಿ." ಮತ್ತೆ ಹುಟ್ಟುವುದಿಲ್ಲ ಎಂದಾಗ ಅವರ ಮುಖ ನೋಡಲಾಗುವುದಿಲ್ಲ. ರೂಟ್ ಕೆನಾಲ್ ಮಾಡಿ ಉಳಿಸಬಹುದು ಎಂದರೆ ಅದರ ಖರ್ಚು, ನಾಲ್ಕು ಸಲ ಬಸ್ಸು, ನಾಲ್ಕು ದಿನದ ಕೂಲಿ. ಕೊನೆಗೆ ಕೀಳಿಸಿಕೊಂಡೇ ಹೋಗುತ್ತಾರೆ.

ಆ ಹಲ್ಲು ಹೋದ ಮೇಲೆ ಹಿಂದಿನಿಂದ ಬರುವ ದವಡೆಹಲ್ಲು ಆ ಜಾಗಕ್ಕೆ ವಾಲಿಕೊಂಡು ಬರುತ್ತದೆ, ಎದುರಿನ ಮೇಲಿನ ಹಲ್ಲು ಕೆಳಗೆ ಇಳಿಯುತ್ತದೆ. ಮಗು ಒಂದೇ ಬದಿಯಲ್ಲಿ ಅಗಿಯುವುದನ್ನು ಕಲಿಯುತ್ತದೆ. ಹಾಲುಹಲ್ಲಿನದೂ ಇದಕ್ಕಿಂತ ಕಡಿಮೆ ಕಥೆಯಲ್ಲ. ಹಿಂದಿನ ಹಾಲು ದವಡೆಹಲ್ಲು ಹುಳುಕಿ ಆರೇಳಕ್ಕೇ ಕಿತ್ತುಹೋದರೆ ಅದರ ಹಿಂದಿರುವ ಶಾಶ್ವತ ಹಲ್ಲು ಮುಂದಕ್ಕೆ ಸರಿದು, ಹನ್ನೊಂದಕ್ಕೆ ಬರಬೇಕಾದ ಪ್ರಿಮೋಲಾರ್‌ನ ಜಾಗವನ್ನು ಆಕ್ರಮಿಸುತ್ತದೆ. ಬಸ್ಸಿನಲ್ಲಿ ಕರವಸ್ತ್ರ ಹಾಕದೆ ಇಳಿದು ಹೋದವರ ಸೀಟಿನಂತೆ, ಬರುವಷ್ಟರಲ್ಲಿ ಬೇರೆಯವರು ಕೂತಿರುತ್ತಾರೆ. ಹಾಲುಹಲ್ಲುಗಳು ತಮ್ಮ ಹೊತ್ತಿಗೆ ಬಿದ್ದಿದ್ದರೆ ಕೆಳದವಡೆಯಲ್ಲಿ ಮೂರು ಮಿಲಿಮೀಟರಿಗೂ ಹೆಚ್ಚು ಜಾಗ ತಾನಾಗಿ ಮಿಗುತ್ತಿತ್ತು, ಅದೂ ಹೋಯಿತು. ಹದಿಮೂರಕ್ಕೆ ಕೋರೆಹಲ್ಲು ಜಾಗ ಸಿಗದೆ ಒಸಡಿನ ಮೇಲೆ ಹುಟ್ಟಿದಾಗ ಮನೆಯವರು ಬೆಚ್ಚಿಬೀಳುತ್ತಾರೆ. ಆಗ ಆರ್ಥೊಡಾಂಟಿಸ್ಟ್ ನಾಲ್ಕು ಹಲ್ಲು ಕೀಳಬೇಕೆನ್ನುತ್ತಾರೆ, ನಾವು ಅವರನ್ನು ಕಟುಕರೆಂದು ಕರೆಯುತ್ತೇವೆ. ಅವರು ಕೇಳುವ ಜಾಗದಲ್ಲಿ ಒಂದು ಪಾಲು ಐದರಿಂದ ಹತ್ತರ ವಯಸ್ಸಿನೊಳಗೆ ನಮ್ಮ ಕಣ್ಣೆದುರೇ ಕಳೆದುಹೋದದ್ದು.

ಶಾಶ್ವತ ದವಡೆಹಲ್ಲು ಆಗಲೇ ಹಾಳಾದ ಬಾಯಲ್ಲಿ ತಂತಿಯ ಚಿಕಿತ್ಸೆ ಇನ್ನೂ ಕಷ್ಟ. ಒಳ್ಳೆಯ ಪ್ರಿಮೋಲಾರ್ ಉಳಿಸಿ ಹಾಳಾದ ದೊಡ್ಡ ಹಲ್ಲನ್ನೇ ತೆಗೆಯೋಣವೆಂದರೆ ಹತ್ತು ಮಿಲಿಮೀಟರಿಗೂ ಹೆಚ್ಚಿನ ಕಿಂಡಿಯನ್ನು ಮುಚ್ಚಬೇಕು, ಅದೂ ಬಾಯಿಯ ಹಿಂಭಾಗದಲ್ಲಿ. ತಿಂಗಳುಗಟ್ಟಲೆ ಹೆಚ್ಚು ಹಿಡಿಯುತ್ತದೆ. ಇಳಕಲ್, ಹುನಗುಂದದ ಕಡೆಯ ಮಕ್ಕಳಿಗೆ ಇನ್ನೊಂದು ಹೊರೆ ಇದೆ. ಅಲ್ಲಿಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂದು ಮಾನಕ ಹೇಳುತ್ತದೆ, ದಾಟಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಸುಣ್ಣ ಬಳಿದಂತೆ ಬಿಳಿಚಿ, ಕಂದು ಗೆರೆ ಬಿದ್ದು ಬರುತ್ತವೆ. ಆ ಮೇಲ್ಮೈಗೆ ಕ್ಲಿಪ್ಪಿನ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಹಚ್ಚಿದ್ದು ಕಿತ್ತು ಬರುತ್ತದೆ, ಮತ್ತೆ ಬಸ್ಸು ಹತ್ತಬೇಕು. ಎರಡು ವರ್ಷವೆಂದದ್ದು ಮೂರಾಗುತ್ತದೆ, ಎಷ್ಟೋ ಜನ ನಡುವೆಯೇ ಬಿಟ್ಟುಬಿಡುತ್ತಾರೆ. ಕೀಳಿಸಿಕೊಂಡು ನಡುವೆ ಬಿಟ್ಟ ಬಾಯಿ ಎಲ್ಲಕ್ಕಿಂತ ಕೆಟ್ಟದ್ದು. ಕೀಳುವ ಮಾತಾಡುವ ವೈದ್ಯರು ಆ ಕುಟುಂಬ ಎರಡು ವರ್ಷ ಬರಬಲ್ಲದೇ ಎಂದು ಮೊದಲು ಕೇಳಬೇಕು. ಬರಲಾಗದ ಕುಟುಂಬಕ್ಕೆ ಇಕ್ಕಟ್ಟಿನ ಹಲ್ಲುಗಳೇ ವಾಸಿ. ಅಂಥ ಹಲ್ಲಲ್ಲಿ ಚೆನ್ನಾಗಿ ರೊಟ್ಟಿ ತಿಂದು ಬಾಳಿದವರು ಊರ ತುಂಬ ಇದ್ದಾರೆ.

ಆದ್ದರಿಂದ ವೈದ್ಯರನ್ನು ಕೇಳಬೇಕಾದ ಪ್ರಶ್ನೆ "ಕೀಳ್ತೀರೋ ಇಲ್ಲೋ" ಎಂಬುದಕ್ಕಿಂತ ಬೇರೆ. ಇಕ್ಕಟ್ಟು ಎಷ್ಟು ಮಿಲಿಮೀಟರ್ ಇದೆ, ಅಚ್ಚಿನ ಮೇಲೆ ತೋರಿಸಿ ಎಂದು ಕೇಳಿ. ಕೀಳದಿದ್ದರೆ ಮುಂದಿನ ಹಲ್ಲು ಎಷ್ಟು ಮುಂದೆ ಬರುತ್ತದೆ, ಕಿತ್ತರೆ ತುಟಿ ಎಷ್ಟು ಹಿಂದೆ ಹೋಗುತ್ತದೆ ಎಂದು ಕೇಳಿ. ಮುಗಿದ ಮೇಲೆ ರಿಟೇನರ್ ಎಷ್ಟು ವರ್ಷ ಎಂದು ಕೇಳಿ. ಇವಕ್ಕೆ ಉತ್ತರ ಕೊಡಲಾರದವರ ಹತ್ತಿರ, ಅವರು ಕೀಳದ ಪಂಥದವರಾದರೂ, ಮಗಳ ಬಾಯಿ ಒಪ್ಪಿಸಬೇಡಿ.

ಇನ್ನು ಆರು ವರ್ಷದ ಹಲ್ಲಿನ ಮಾತು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತಿವೆ. ಅವರು ನೋಡಬೇಕಾದ ಪಟ್ಟಿಯಲ್ಲಿ ಹಲ್ಲೂ ಇದೆ. ಒಂದನೆಯ, ಎರಡನೆಯ ಇಯತ್ತೆಯ ಮಗುವಿನ ಬಾಯಿ ತೆರೆಸಿ, ಮುಂದಿನ ನಡುಗೆರೆಯಿಂದ ಹಿಂದಕ್ಕೆ ಬೆರಳಿಟ್ಟು ಎಣಿಸಿದರೆ ಸಾಕು. ಒಂದು ಬದಿಗೆ ಹಾಲುಹಲ್ಲು ಐದೇ. ಆರನೆಯದು ಕಂಡರೆ ಅದು ಶಾಶ್ವತದ್ದು. ಇದನ್ನು ಅಂಗನವಾಡಿ ಕಾರ್ಯಕರ್ತೆಯೂ ಮಾಸ್ತರರೂ ತಾಯಿಯೂ ಮಾಡಬಹುದು. ಆ ಹಲ್ಲಿನ ಗೆರೆಗಳನ್ನು ಸೀಲೆಂಟ್ ಎಂಬ ತೆಳು ದ್ರವ ಹಚ್ಚಿ ಗಟ್ಟಿಮಾಡಿ ಮುಚ್ಚುತ್ತಾರೆ. ಸೂಜಿ ಇಲ್ಲ, ಡ್ರಿಲ್ ಇಲ್ಲ, ಒಂದು ಹಲ್ಲಿಗೆ ಕೆಲವೇ ನಿಮಿಷ. ಆರನೆಯ ಹಲ್ಲು ಕಂಡ ವರ್ಷವೇ ಮಗುವನ್ನು ಕರೆತಂದು ಅದನ್ನು ಮಾಡಿಸಿ.